ಬಾಟಲಿಯ ಇನ್ನೊಂದು ತುದಿ

ಗಾದಿಲಿಂಗಮ್ಮನ ಎದೆಹಾಲನ್ನು ಹನ್ನೊಂದು ದಿನ ಹತ್ತಿ ಜಿನ್ನಿನ ಹೆಡ್ ಗುಮಾಸ್ತರ ಮನೆಯಲ್ಲಿ ಹಿಂಡಿಸಿಕೊಂಡರು. ಹನ್ನೊಂದನೆಯ ದಿನ, ಅರ್ಧ ಮೈಲಿ ದೂರದ ಗುಡಿಸಲಲ್ಲಿ, ಅವಳ ಸ್ವಂತ ಮಗು ಹಸಿದು ಸತ್ತಿತು.

ಯುದ್ಧದ ನಾಲ್ಕನೆಯ ವರ್ಷ ಅದು. ಆದವಾನಿಯ ಜಿನ್ನುಗಳು ಎರಡು ಪಾಳಿಯಲ್ಲಿ ಓಡುತ್ತಿದ್ದವು. ಗಂಡ ಪೆದ್ದಣ್ಣ ಪ್ರೆಸ್ಸಿನಲ್ಲಿ ಹತ್ತಿಯ ಬೇಲು ಕಟ್ಟುವವನು, ಗಾದಿಲಿಂಗಮ್ಮ ಹತ್ತಿಯೊಳಗಿನ ಕಸ ಆರಿಸುವವಳು. ನಾಳೆ ಯಾರು ಒಳಗೆ ಬರಬೇಕು, ಯಾರು ಗೇಟಿನಿಂದಲೇ ಹಿಂದಿರುಗಬೇಕು ಎಂಬುದು ಹೆಡ್ ಗುಮಾಸ್ತ ಸೇತುಮಾಧವರಾಯರ ಬಾಯಲ್ಲಿತ್ತು. ರಾಯರ ಹೆಂಡತಿ ತುಳಸಿಬಾಯಿ ಹೆತ್ತ ಆರನೆಯ ದಿನ ತೀರಿಕೊಂಡಿದ್ದರು. ಉಳಿದ ಗಂಡುಮಗು ಅನಂತನಿಗೆ ಆಕಳ ಹಾಲು ಒಗ್ಗಲಿಲ್ಲ, ಕುಡಿಸಿದರೆ ಭೇದಿ. ಬಾಣಂತಿಯ ಹಾಲೇ ಬೇಕು ಎಂದು ಕಾಂಪೌಂಡರ್ ಮಲ್ಲಯ್ಯ ಹೇಳಿದ. ಮರುದಿನ ಬೆಳಿಗ್ಗೆ ಗೇಟಿನಲ್ಲಿ ರಾಯರು ಗಾದಿಲಿಂಗಮ್ಮನ ಒದ್ದೆ ರವಿಕೆಯನ್ನು ನೋಡಿ ಪೆದ್ದಣ್ಣನನ್ನು ಕರೆದರು.

"ನಿನ್ನ ಹೆಂಡ್ತಿ ಇವತ್ತಿಂದ ನಮ್ಮ ಮನಿಗೆ ಬರಲಿ. ಅಲ್ಲೇ ಇರಲಿ. ಇಲ್ಲಂದ್ರ ನೀವಿಬ್ಬರೂ ಇಲ್ಲಿಗೆ ಬರಬ್ಯಾಡ್ರಿ."

ಆ ಮನೆಗೆ ಅವಳ ಹಾಲು ಬೇಕಿತ್ತು, ಅವಳ ಮೈ ಬೇಡವಾಗಿತ್ತು. ರಾಯರ ತಾಯಿ ತುಂಗಾಬಾಯಿ ತಲೆ ಬೋಳಿಸಿ ಕೆಂಪು ಸೀರೆಯುಟ್ಟ ವಿಧವೆ, ಹಗಲೆಲ್ಲ ಮಡಿಯಲ್ಲಿರುವವರು. ಅವರೇ ದಾರಿ ಹುಡುಕಿದರು. ಗಾದಿಲಿಂಗಮ್ಮ ಹಿತ್ತಲ ದನದ ಕೊಟ್ಟಿಗೆಯಲ್ಲಿ ಕೂತು ಬೆಳ್ಳಿ ಬಟ್ಟಲಿಗೆ ಹಾಲು ಹಿಂಡಬೇಕು. ಬೆಳ್ಳಿಗೆ ಮೈಲಿಗೆ ಹತ್ತುವುದಿಲ್ಲ. ಬಟ್ಟಲಿಗೆ ಒಂದು ತುಳಸಿ ದಳ ಬಿದ್ದರೆ ಹಾಲು ಶುದ್ಧ. ಶುದ್ಧವಾದ ಹಾಲು ಗಾಜಿನ ಬಾಟಲಿಗೆ ಹೋಗಬೇಕು. ಬಾಟಲಿಯ ರಬ್ಬರ್ ತೊಟ್ಟಿನ ಬಗ್ಗೆ ಮಾತ್ರ ಒಂದಿಡೀ ಮಧ್ಯಾಹ್ನ ಚರ್ಚೆಯಾಯಿತು. ರಬ್ಬರೆಂದರೆ ಮರದ ಹಾಲು, ದೋಷವಿಲ್ಲ ಎಂದು ಓಣಿಯ ಆಚಾರ್ಯರು ಹೇಳಿಕಳಿಸಿದ ಮೇಲೆ ಅದೂ ಬಗೆಹರಿಯಿತು.

ಮಡಿಯಲ್ಲಿರುವ ಅಜ್ಜಿ ಮಗುವನ್ನು ಮುಟ್ಟುವಂತಿರಲಿಲ್ಲ. ಹಾಗಾಗಿ ಕುಡಿಸುವ ಕೆಲಸವೂ ಗಾದಿಲಿಂಗಮ್ಮನದೇ. ಮಗು ಅವಳ ತೊಡೆಯ ಮೇಲೆ, ಅವಳ ಹಾಲು ಬಾಟಲಿಯಲ್ಲಿ, ಬಾಟಲಿ ಅವಳ ಕೈಯಲ್ಲಿ. ಎದೆಗೆ ಹಚ್ಚಿಕೊಳ್ಳುವಂತಿಲ್ಲ. ಮಗುವಿನ ಕೆನ್ನೆ ತಾಕಿದಾಗಲೆಲ್ಲ ಅವಳ ರವಿಕೆ ತೊಯ್ದು ಹೊಟ್ಟೆಯ ಮೇಲೆ ಹಾಲು ಇಳಿಯುತ್ತಿತ್ತು. ಸಂಜೆ ಎರಡು ತಂಬಿಗೆ ನೀರು ಹೊಯ್ದು ಮಗುವನ್ನು ಮತ್ತೆ ಆ ಮನೆಯದಾಗಿ ಮಾಡಿಕೊಳ್ಳುತ್ತಿದ್ದರು.

ಬಾಟಲಿ ದೋಣಿಯ ಹಾಗಿತ್ತು. ರಾಯರು ಮದರಾಸಿನಿಂದ ತರಿಸಿದ್ದು. ಅದಕ್ಕೆ ಎರಡು ತುದಿ, ಎರಡು ಬಾಯಿ. ಒಂದಕ್ಕೆ ಮಗು ಚೀಪುವ ತೊಟ್ಟು. ಇನ್ನೊಂದಕ್ಕೆ ಚಪ್ಪಟೆಯಾದ ರಬ್ಬರ್ ಟೊಪ್ಪಿಗೆ, ಅದರ ನಡುವೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸೀಳು. ಮಗು ಈ ಕಡೆಯಿಂದ ಎಳೆದಂತೆ ಆ ಕಡೆಯ ರಬ್ಬರ್ ಒಳಕ್ಕೆ ತಗ್ಗಿ, ಸೀಳಿನಿಂದ ಗಾಳಿ ನುಗ್ಗಿ, ಹಾಲಿನಲ್ಲಿ ಗುಳ್ಳೆಗಳೇಳುತ್ತಿದ್ದವು. ಗಾಳಿ ಬರದಿದ್ದರೆ ಹಾಲೂ ಬರದು. ಮಲಯಾ ಜಪಾನಿನವರ ಪಾಲಾದಂದಿನಿಂದ ರಬ್ಬರ್ ಸಿಗುವುದು ಕಷ್ಟವಾಗಿತ್ತು. ತೊಟ್ಟುಗಳು ಬಂದದ್ದು ಎರಡೇ.

ಮೊದಲನೆಯ ತೊಟ್ಟಿನ ತೂತು ತೀರ ಸಣ್ಣದು. ಅನಂತ ಎಳೆಯುತ್ತಿದ್ದ, ಹಣೆಯ ಮೇಲೆ ಬೆವರು ಮೂಡುತ್ತಿತ್ತು, ನಾಲ್ಕು ಗುಟುಕಿಗೆ ದಣಿದು ನಿದ್ದೆಹೋಗುತ್ತಿದ್ದ. ಹಸಿವಿಗೆ ಎಚ್ಚರವಾಗಿ ಮತ್ತೆ ಅಳು, ಮತ್ತೆ ಬಾಟಲಿ. ಒಂದು ಬಾಟಲಿ ಮುಗಿಯುವಷ್ಟರಲ್ಲಿ ಇನ್ನೊಂದರ ಹೊತ್ತಾಗುತ್ತಿತ್ತು.

"ಅವ್ವಾರೆ, ತೂತು ಸಣ್ಣದೈತ್ರಿ," ಎಂದು ಗಾದಿಲಿಂಗಮ್ಮ ಎರಡನೆಯ ದಿನವೇ ಹೇಳಿದಳು. "ಕೂಸು ಎಳದೂ ಎಳದೂ ದಣೀತೈತಿ. ಸೂಜಿ ಕಾಸಿ ಒಂದೀಟು ದೊಡ್ಡದು ಮಾಡ್ರಿ, ಲಗೂನ ಕುಡೀತಾನ. ನಡುವ ನಾ ಒಂದು ಹೆಜ್ಜಿ ಹೋಗಿ ನನ್ನ ಕೂಸಿಗೆ ಕುಡಿಸಿ ಬರ್ತೀನಿ."

ತುಂಗಾಬಾಯಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೇಳಿದರು. "ರಬ್ಬರ್ ಹರೀತು ಅಂದ್ರ ಇನ್ನೊಂದು ನಿಮ್ಮಪ್ಪ ತರ್ತಾನೇನು?"

"ನಮ್ಮಪ್ಪ ಆಸ್ಪರಿ ಕಡೆ ಕುರಿ ಕಾಯಾಂವ್ರಿ, ಅವ್ವಾರೆ. ರಬ್ಬರ್ ಆತಗೇನು ಗೊತ್ತು. ತಾಯಿ ಸತ್ತ ಮರಿಗೆ ಬ್ಯಾರೆ ಕುರಿ ತೊಟ್ಟು ಹಿಡಿಸಾದು ಗೊತ್ತು."

"ಕುರಿ ಮಾತು ಕೊಟ್ಟಿಗ್ಯಾಗ ಆಡು."

ಗುಡಿಸಲಲ್ಲಿ ಅತ್ತೆ ಹೂವಮ್ಮ ಮೇಕೆಯ ಹಾಲಿನಲ್ಲಿ ಅರಿವೆಯ ಬತ್ತಿ ಅದ್ದಿ ಮೊಮ್ಮಗಳ ಬಾಯಿಗಿಡುತ್ತಿದ್ದಳು. ಹೆಣ್ಣುಕೂಸು, ನಲವತ್ತು ದಿನದ್ದು. ಸುಂಕಮ್ಮ ಎಂದು ಹೆಸರಿಡಬೇಕೆಂದಿದ್ದರು, ಇನ್ನೂ ಇಟ್ಟಿರಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಪೆದ್ದಣ್ಣ ಹಿತ್ತಲ ಬಾಗಿಲಿಗೆ ಓಡಿಬಂದು, ಕೂಸು ಕಣ್ಣು ಮೇಲೆ ಮಾಡಿದೆ, ಹೆಂಡತಿಯನ್ನು ಕಳಿಸಿ ಎಂದ. ಕೈಯಲ್ಲಿರುವ ಬಾಟಲಿ ಮುಗಿಯಲಿ ಎಂದರು. ಬಾಟಲಿ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು.

ಕೂಸನ್ನು ಜಿನ್ನಿನ ಹಿಂದಿನ ಹಳ್ಳದ ದಂಡೆಯಲ್ಲಿ ಹೂಳಿದರು. ಮೂರು ದಿನ ಅವಳು ಗುಡಿಸಲಲ್ಲೇ ಹಿಂಡಿದ ಹಾಲನ್ನು ತರಿಸಿಕೊಂಡು, ನಾಲ್ಕನೆಯ ದಿನ ಗಾದಿಲಿಂಗಮ್ಮನನ್ನು ಮತ್ತೆ ಕರೆಸಿಕೊಂಡರು. ಅಂದೇ ಮಲ್ಲಯ್ಯ ಕಾಂಪೌಂಡರ್ ಬಂದವನು ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ, ತೆಲುಗಿನಲ್ಲಿ ಗೊಣಗಿದ.

"ಇಂತ ಸನ್ನ ರಂಧ್ರಮಾ? ಪಿಲ್ಲೋಡು ಏಮಿ ತಾಗುತಾಡಯ್ಯಾ? ರಾಯರೆ, ಇಷ್ಟು ಸಣ್ಣ ತೂತಿನ್ಯಾಗ ಹುಡುಗ ಏನು ಕುಡೀತಾನ? ಇಷ್ಟು ದಿನ ಯಾರೂ ನೋಡಲಿಲ್ಲೇನ್ರಿ?"

ಮಲ್ಲಯ್ಯ ಒಂದು ಹೊಲಿಗೆಯ ಸೂಜಿ ತರಿಸಿ, ದೀಪದ ಕುಡಿಗೆ ಹಿಡಿದು ಕೆಂಪಗಾಗಿಸಿ, ತೊಟ್ಟಿನ ತುದಿಗೆ ಚುಚ್ಚಿದ. ಸುಟ್ಟ ರಬ್ಬರಿನ ವಾಸನೆ ಹಿತ್ತಲಲ್ಲಿ ಸುಳಿಯಿತು. "ಈಗ ನೋಡ್ರಿ. ಚುಕ್ಕ ಮೀದ ಚುಕ್ಕ. ಹನಿ ಮ್ಯಾಲೆ ಹನಿ ಬೀಳಬೇಕು, ಎಣಿಸೋಹಂಗ. ದಾರ ಆಗಬಾರದು, ದಾರ ಆತಂದ್ರ ಹಾಲು ಮೂಗಿಗೇರ್ತೈತಿ." ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನ ಕೆಲಸ ಅದು. ಗಾದಿಲಿಂಗಮ್ಮ ಆ ಸೂಜಿಯನ್ನೇ ನೋಡುತ್ತ ಕೂತಿದ್ದಳು.

ತೂತು ಸರಿಯಾಯಿತು. ಅನಂತ ಹಗುರಾಗಿ ಎಳೆದ, ಗುಟುಕು ಇಳಿಯಿತು. ಅಷ್ಟರಲ್ಲಿ ಹನ್ನೆರಡರ ಕೂಗಾಗಿ ಜಿನ್ನಿನ ಯಂತ್ರಗಳು ನಿಂತವು. ಬೆಳಗಿನಿಂದ ನೆಲದೊಳಗೆ ಬಡಿದುಕೊಳ್ಳುತ್ತಿದ್ದ ಸದ್ದು ಒಮ್ಮೆಗೇ ನಿಂತರೆ ಕಿವಿಯಿಂದ ಏನೋ ಕಳಚಿ ಬಿದ್ದಂತಾಗುತ್ತದೆ. ಬಿಸಿಲು ಹಿತ್ತಲ ಕಲ್ಲಿನ ಮೇಲೆ ಬೆಳ್ಳಗೆ ಕೂತಿತ್ತು. ಗಾಳಿಯಲ್ಲಿ ಹತ್ತಿಯ ಎಳೆಗಳು ಇಳಿಯದೆ ತೇಲುತ್ತಿದ್ದವು. ಆ ಮೌನದಲ್ಲಿ ಅನಂತ ಚೀಪುವುದು ಅವಳಿಗೆ ಕೇಳಿಸಿತು. ಮೂರು ಸಲ ಎಳೆತ, ಉಸಿರಿಗೊಂದು ಬಿಡುವು. ಮತ್ತೆ ಮೂರು ಎಳೆತ, ಬಿಡುವು.

ಆ ಬಿಡುವಿನಲ್ಲೂ ಚೀಪುವ ಸದ್ದು ನಿಲ್ಲಲಿಲ್ಲ.

ಗಾದಿಲಿಂಗಮ್ಮ ಬಾಟಲಿಯ ಇನ್ನೊಂದು ತುದಿಯನ್ನು ನೋಡಿದಳು. ಒಳಕ್ಕೆ ತಗ್ಗಬೇಕಾದ ರಬ್ಬರ್ ಹೊರಕ್ಕೆ ಚಾಚಿಕೊಂಡಿತ್ತು, ಎಳೆಯ ತೊಟ್ಟಿನ ಹಾಗೆ. ಚಾಚುವುದು, ಸಡಿಲಾಗುವುದು, ಮತ್ತೆ ಚಾಚುವುದು. ಹಾಲಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಹಾಲು ಮಾತ್ರ ಗಾಜಿನ ಮೇಲಿನ ಗೆರೆಯಿಂದ ಗೆರೆಗೆ ಇಳಿಯುತ್ತಿತ್ತು. ಅನಂತ ತೊಟ್ಟು ಬಿಟ್ಟು ಅಳತೊಡಗಿದ. ಆಗಲೂ ಇಳಿಯುತ್ತಿತ್ತು.

ಬಾಟಲಿ ಖಾಲಿಯಾದ ಮೇಲೆ ಅವಳು ಆ ತುದಿಗೆ ಬೆರಳು ಮುಟ್ಟಿಸಿದಳು. ರಬ್ಬರ್ ತೇವವಾಗಿತ್ತು, ಬೆಚ್ಚಗಿತ್ತು. ಕೂಸು ಈಗಷ್ಟೇ ಬಾಯಿಂದ ಬಿಟ್ಟ ತೊಟ್ಟು ಹೇಗಿರುತ್ತದೆಂಬುದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಮೊದಲ ದಿನ ಬಾಟಲಿ ಕೈಯಿಂದ ಜಾರುವುದರಲ್ಲಿತ್ತು. ಎರಡನೆಯ ದಿನ ಗಟ್ಟಿಯಾಗಿ ಹಿಡಿದಳು. ಮೂರನೆಯ ದಿನ ಅನಂತ ಉಸಿರಿಗೆ ನಿಂತಾಗ ಅವಳು ಬಾಟಲಿಯನ್ನು ಒಂದು ಎಳ್ಳಿನಷ್ಟು ಆ ಕಡೆಗೆ ವಾಲಿಸಿದಳು. ಹಾಲು ಆ ತುದಿಗೆ ಸರಿದು ನಿಂತಿತು. ಆತುರದ ಸದ್ದು ನಿಧಾನವಾಗಿ, ಹೊಟ್ಟೆ ತುಂಬುತ್ತಿರುವ ಕೂಸಿನ ಸದ್ದಾಯಿತು. ಹನ್ನೊಂದು ದಿನ ಹಸಿದ ನನ್ನ ಕೂಸು, ಕುಡಿಯಲಿ ಎಂದುಕೊಂಡಳು. ಮರುದಿನವೂ ವಾಲಿಸಿದಳು.

ಅನಂತನ ತೂಕ ಇಳಿಯತೊಡಗಿತು. ಮನೆಯವರು ತಪ್ಪನ್ನೆಲ್ಲ ತೊಟ್ಟಿನಲ್ಲೇ ಹುಡುಕಿದರು. ರಾಯರು ಕಿಸೆಯ ಗಡಿಯಾರ ಹಿಡಿದು ಹನಿಗಳನ್ನು ಎಣಿಸಿದರು. ತೂತು ಇನ್ನೂ ಸಾಲದೆಂದು ಎರಡನೆಯ ತೊಟ್ಟಿಗೆ ತಾವೇ ದಪ್ಪ ಸೂಜಿ ಚುಚ್ಚಿದರು. ಹಾಲು ದಾರವಾಗಿ ಸುರಿದು ಮಗುವಿನ ಮೂಗಿಗೇರಿ ಮುಖ ನೀಲಿಯಾಯಿತು. ಬೋರಲು ಹಾಕಿ ಬೆನ್ನು ತಟ್ಟಿ ಉಳಿಸಿದವಳು ಗಾದಿಲಿಂಗಮ್ಮ. ಮತ್ತೆ ಮೊದಲಿನ ತೊಟ್ಟೇ ಬಂತು. ಹತ್ತಿಯ ನಮೂನೆ ತೂಗುವ ತಕ್ಕಡಿಯನ್ನು ಜಿನ್ನಿನಿಂದ ತರಿಸಿ ರಾಯರು ಮಗನನ್ನು ದಿನಾ ತೂಗಿದರು. ದಿನಾ ಕಡಿಮೆ.

"ಬಾಟಲಿ ಖಾಲಿ ಆಗ್ತದ, ಹುಡುಗ ಇಳೀತಾನ. ನಡುವ ಹಾಲು ಎಲ್ಲಿ ಹೋಗ್ತದ?" ಎಂದರು ರಾಯರು. "ನಾವಿಲ್ಲದಾಗ ನೀನೇ ಕುಡೀತೀಯೇನು?"

"ನನ್ನ ಹಾಲು ನಾನ ಹಿಂಡಿ ನಾನ ಕುಡ್ಯಾಕ ನನಗ ಹುಚ್ಚು ಹಿಡದೈತೇನ್ರಿ?"

"ಮತ್ತ ಚೆಲ್ಲತೀ."

"ನೆಲ ನೋಡ್ರಿ, ರಾಯರೆ. ಒಂದು ಇರುವಿ ಬಂದೈತೇನು?"

ಇರುವೆಗಳೂ ಇರಲಿಲ್ಲ, ಒಂದು ನೊಣವೂ ಇರಲಿಲ್ಲ. ಹಾಲಿನ ಬಾಟಲಿ ಇಟ್ಟ ಕಡೆ, ಆ ಬಿಸಿಲಿನಲ್ಲಿ, ನೊಣ ಕೂರದ್ದನ್ನು ಅಲ್ಲಿಯತನಕ ಅವರು ಗಮನಿಸಿರಲಿಲ್ಲ.

ಎಂಟನೆಯ ದಿನ ಮಧ್ಯಾಹ್ನ ತುಂಗಾಬಾಯಿ ಕಣ್ಣಾರೆ ನೋಡಿದರು. ಯಂತ್ರಗಳು ನಿಂತಿದ್ದವು. ಅನಂತನ ಬಾಯಿ ತೊಟ್ಟಿನಿಂದ ಜಾರಿತ್ತು. ಅಳಲೂ ತ್ರಾಣವಿಲ್ಲದೆ ಮುದುಕನ ಮುಖ ಮಾಡಿಕೊಂಡು ಬಿದ್ದಿದ್ದ. ಗಾದಿಲಿಂಗಮ್ಮನ ಕೈಯಲ್ಲಿ ಬಾಟಲಿ ಆ ಕಡೆಗೆ ವಾಲಿತ್ತು, ಹಾಲು ಇಳಿಯುತ್ತಿತ್ತು, ಖಾಲಿ ಗಾಳಿಯಿಂದ ಚೀಪುವ ಸದ್ದು ಬರುತ್ತಿತ್ತು. ತುಂಗಾಬಾಯಿ ಹೊಸ್ತಿಲನ್ನು ಹಿಡಿದುಕೊಂಡು ಕೂತರು.

"ಗಂಡೋ, ಹೆಣ್ಣೋ?" ಎಂದರು ಕೊನೆಗೆ.

ಆ ಮನೆಯಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಹೆಣ್ಣುರಿ."

"ಯಾಕ ಬರ್ತದ ಅದು? ನಿಮ್ಮ ಮಂದಿಯೊಳಗ ಮಾಡೋದೇನೋ ಬಿಟ್ಟೀಯೇನು?"

"ಬಿಟ್ಟಾಕಿ ನಾನಲ್ರಿ. ಮೊಲೆಕೂಸು ಸತ್ರ ಮೂರನೇ ದಿನ ತಾಯಿ ಕುಣಿ ಮ್ಯಾಲೆ ಹಾಲು ಹಿಂಡಬೇಕು. ಮಣ್ಣು ತೊಯ್ಯೋತನಕ ಹಿಂಡಿ, ನಿನ್ನ ಪಾಲು ಕೊಟ್ಟೀನವ್ವ, ಇನ್ನ ಹೋಗು ಅನ್ನಬೇಕು. ನಾನು ಹೇಳಿಕಳಿಸಿದ್ದೆ, ಅವ್ವಾರೆ. ಒಂದು ಹನೀನೂ ಹಾಳು ಮಾಡಬ್ಯಾಡ, ಇಲ್ಲಿ ಬೇಕಾಗ್ಯದ ಅಂತ ನೀವ ತಿರುಗಿ ಹೇಳಿಕಳಿಸಿದ್ರಿ."

ತುಂಗಾಬಾಯಿ ಕೇಳಿದ್ದು ಇನ್ನೊಂದೇ ಮಾತು. "ನಿನಗ ಗೊತ್ತಿದ್ದೂ ಬಾಟಲಿ ವಾಲಿಸಿದ್ಯಾ? ನನ್ನ ಹುಡುಗನ ಮುಖ ನೋಡಿಯೂ?"

ಗಾದಿಲಿಂಗಮ್ಮ ಅನಂತನನ್ನು ನೋಡಿದಳು. ಇಷ್ಟು ದಿನ ತೊಡೆಯ ಮೇಲಿಟ್ಟುಕೊಂಡ ಮಗುವನ್ನು ಆಗ ಮೊದಲ ಸಲ ನೋಡಿದಂತೆ ನೋಡಿದಳು. ನೆತ್ತಿ ತಗ್ಗಿತ್ತು. ತುಟಿ ಒಣಗಿ ಬಿಳಿಯಾಗಿ, ಏನೂ ಇಲ್ಲದಾಗಲೂ ಚೀಪುತ್ತಿತ್ತು. ಗುಡಿಸಲಿನ ಚಾಪೆಯ ಮೇಲೆ ತನ್ನ ಕೂಸು ಕಡೆಗೆ ಹೀಗೇ ಬಾಯಾಡಿಸುತ್ತಿತ್ತೆಂದು ಅತ್ತೆ ಹೇಳಿದ್ದಳು. ಅವಳು ಬಾಟಲಿಯನ್ನು ನೆಲಕ್ಕಿಟ್ಟಳು.

ತಾಯಿಯಿಂದ ಸಂಗತಿ ತಿಳಿದ ರಾಯರು ಅಂದೇ ಕುಣಿಗೆ ಹಾಲು ಹಿಂಡಿಸುವ ಏರ್ಪಾಡು ಮಾಡಿದರು. ಹಳ್ಳದ ದಂಡೆಗೆ ಕಳಿಸಿದರೆ ಅವಳು ತಿರುಗಿ ಬರಲಿಕ್ಕಿಲ್ಲ ಎಂಬ ಅನುಮಾನ. ಅದಕ್ಕೆ ಕುಣಿಯ ಮಣ್ಣನ್ನೇ ಇಲ್ಲಿಗೆ ತರಿಸಿದರು, ಅದೂ ಪೆದ್ದಣ್ಣನ ಕೈಯಿಂದ. ಮರುದಿನ ಹನ್ನೆರಡಕ್ಕೆ ಅವನು ಟವಲಿನ ಗಂಟು ಹಿಡಿದು ಹಿತ್ತಲಿಗೆ ಬಂದ. ಹೆಂಡತಿಯ ಮುಖ ನೋಡದೆ ಮುತ್ತುಗದ ಎಲೆಯ ಮೇಲೆ ಗಂಟು ಬಿಚ್ಚಿದ.

ಬೇಸಿಗೆಯ ನಡುವಿನ ಎರೆಮಣ್ಣು ಬಿರಿದು ಪುಡಿಯಾಗಿರಬೇಕು. ಇದು ಹಸಿಯಾಗಿತ್ತು. ಹಿಂಡಿದರೆ ನೀರು ಬಿಡುವಷ್ಟು ಹಸಿ. ಹುಳಿತ ಹಾಲಿನ ವಾಸನೆ ಹಿತ್ತಲನ್ನೆಲ್ಲ ತುಂಬಿತು. ಕೊಟ್ಟಿಗೆಯ ಆಕಳು ಎದ್ದು ನಿಂತು ಹಗ್ಗ ಜಗ್ಗಿತು.

"ಎಷ್ಟು ತೋಡಿದಿ?" ಎಂದು ಗಾದಿಲಿಂಗಮ್ಮ ಗಂಡನನ್ನು ಮೆಲ್ಲಗೆ ಕೇಳಿದಳು.

"ಮ್ಯಾಲಿಂದ ಮ್ಯಾಲೆ ಬಳಕೊಂಡು ಬಂದೆ. ಸುತ್ತ ಎಲ್ಲ ಒಣಾ ಐತಿ. ಅದೊಂದು ಜಾಗ ಹಿಂಗ."

"ಮಾತು ಸಾಕು," ಎಂದರು ರಾಯರು. ನೆರಳಿನಲ್ಲಿ ನಿಂತಿದ್ದರು, ಮಣ್ಣಿನಿಂದ ದೂರ. "ಹಿಂಡು. ಹಿಂಡಿ, ಆ ಮಾತು ಅನ್ನು. ಪಾಲು ತೀರಿತು, ಹೋಗು ಅನ್ನು. ಆಮ್ಯಾಲೆ ಬಾಟಲಿ ತಗೋ."

ಬೆಳ್ಳಿ ಬಟ್ಟಲಿನ ಪಕ್ಕ ಬಾಟಲಿ ತೊಳೆದು ಬೋರಲಿಟ್ಟಿತ್ತು. ಗಾದಿಲಿಂಗಮ್ಮ ಅದರ ಕಡೆ ಕೈ ಚಾಚಲಿಲ್ಲ, ಮಣ್ಣಿನ ಕಡೆಯೂ ಚಾಚಲಿಲ್ಲ. ಚಾಪೆಯ ಮೇಲಿದ್ದ ಅನಂತನನ್ನು ಎತ್ತಿಕೊಂಡು ಕೊಟ್ಟಿಗೆಯ ಗೋಡೆಗೆ ಒರಗಿ ಕೂತು, ರವಿಕೆಯ ಗಂಟು ಬಿಚ್ಚಿ ಎರಡೂ ಕಡೆ ಸರಿಸಿದಳು. ಬಲಗಡೆಗೆ ಅನಂತನ ಮುಖ ಹಚ್ಚಿದಳು. ಮಗು ತಲೆಯಾಡಿಸಿ ತಡಕಾಡಿತು; ರಬ್ಬರಿಗೆ ಪಳಗಿದ ಬಾಯಿಗೆ ಹಿಡಿತ ಸಿಗಲಿಲ್ಲ. ಅವಳು ಎರಡು ಬೆರಳಿನಿಂದ ತೊಟ್ಟನ್ನು ಚಪ್ಪಟೆ ಮಾಡಿ, ಗದ್ದ ಒತ್ತಿ, ಒಳಗಿಟ್ಟಳು. ಅಪ್ಪ ಕುರಿಮರಿಗೆ ಮಾಡುತ್ತಿದ್ದುದು ಹಾಗೆಯೇ. ಅನಂತ ಒಮ್ಮೆ ಕೆಮ್ಮಿದ. ಆಮೇಲೆ ಎಳೆದ. ಎಷ್ಟು ಬೇಕೋ ಅಷ್ಟು ಬಂತು. ಬೇಡವಾದಾಗ ನಿಂತಿತು.

"ತಗಿ ಆ ಕೂಸಿನ್ನ," ಎಂದರು ತುಂಗಾಬಾಯಿ. ಮಡಿ ಮರೆತು ಎರಡು ಹೆಜ್ಜೆ ಮುಂದೆ ಬಂದಿದ್ದರು. "ಬಾಯಿ ಹಚ್ಚಬ್ಯಾಡಂತ ನಿನಗ..."

ಮಾತು ಅಲ್ಲೇ ನಿಂತಿತು. ಅವರ ಕಣ್ಣು ಎಡಗಡೆಯ ಎದೆಯ ಮೇಲಿತ್ತು. ಒಂದು ಕಡೆ ಮಗು ಎಳೆದಾಗ ಇನ್ನೊಂದು ಕಡೆಯಿಂದಲೂ ಹಾಲು ಸುರಿಯುತ್ತದೆ, ಹೆತ್ತವರೆಲ್ಲ ಬಲ್ಲರು. ಗಾದಿಲಿಂಗಮ್ಮನ ಎಡಗಡೆಯಿಂದಲೂ ಹಾಲು ಚಿಮ್ಮಿ ಬಂತು. ಬಂದದ್ದು ಹೊಟ್ಟೆಗೆ ಇಳಿಯಲಿಲ್ಲ, ಸೀರೆ ತೋಯಲಿಲ್ಲ, ನೆಲಕ್ಕೆ ಬೀಳಲಿಲ್ಲ. ತೊಟ್ಟು ತಾನಾಗಿ ನೀಳವಾಗಿ, ಸಡಿಲಾಗಿ, ಮತ್ತೆ ನೀಳವಾಗುತ್ತಿತ್ತು. ಎಡತೋಳಿನ ತೆಕ್ಕೆಯಲ್ಲಿ ಸೆರಗು ಏನೋ ಭಾರವಿಟ್ಟಂತೆ ತಗ್ಗಿತ್ತು. ಆ ಕೈ ಯಾವ ತೂಕವನ್ನು ಹೊತ್ತಿದೆಯೋ ಅದಕ್ಕೆ ತಕ್ಕಂತೆ ಬಾಗಿತ್ತು.

ಪೆದ್ದಣ್ಣ ನೋಡಿದ. ನೋಡಿದವನು ಟವಲನ್ನು ಕೈಬಿಟ್ಟು, ಹೆಂಡತಿಯ ಎಡಗಡೆಗೆ ಹೋಗಿ, ನೆರಳು ಬೀಳುವಂತೆ ಬಿಸಿಲಿಗೆ ಬೆನ್ನು ಕೊಟ್ಟು ನಿಂತುಕೊಂಡ.

"ರಾಯರೆ, ಎರಡ ಅದಾವ್ರಿ ನನಗ," ಎಂದಳು ಗಾದಿಲಿಂಗಮ್ಮ. "ಇಬ್ಬರಿಗೂ ಸಾಲ್ತಾವ. ಮೊದಲೂ ಸಾಲ್ತಿದ್ವು. ನಿಮ್ಮ ಹುಡುಗಗ ನಾ ಇಲ್ಲ ಅನ್ನಂಗಿಲ್ಲ."

"ಅದನ್ನ ಕಳಿಸು ಮೊದಲು." ರಾಯರ ದನಿ ಗೇಟಿನಲ್ಲಿ ಹೆಸರು ಕೂಗುವ ದನಿಯಾಗಿತ್ತು, ಆದರೆ ನಡುವೆ ಒಡೆಯಿತು. "ಮಣ್ಣಿಗೆ ಹಿಂಡು. ಹೋಗು ಅನ್ನು. ಅನ್ನಲಿಲ್ಲ ಅಂದ್ರ ನಾಳಿಂದ ನಿನ್ನ ಗಂಡ ಗೇಟು ದಾಟಂಗಿಲ್ಲ, ತಿಳ್ಕೋ."

ಜಿನ್ನಿನಲ್ಲಿ ಒಂದು ಗಂಟೆಯ ಕೂಗಾಯಿತು. ಯಂತ್ರಗಳು ಮತ್ತೆ ಹೊರಟವು, ಹಿತ್ತಲ ನೆಲ ಅದುರಿತು. ಅನಂತ ಬೆದರಲಿಲ್ಲ, ಕಣ್ಣು ಅರ್ಧ ಮುಚ್ಚಿ ಎಳೆಯುತ್ತಲೇ ಇದ್ದ. ಪೆದ್ದಣ್ಣ ಕೂಗು ಕೇಳಿಯೂ ನಿಂತಲ್ಲಿಂದ ಕದಲಲಿಲ್ಲ.

"ಅನ್ನು," ಎಂದರು ರಾಯರು.

"ಅನ್ನಂಗಿಲ್ರಿ," ಎಂದಳು ಗಾದಿಲಿಂಗಮ್ಮ. "ಆಕಿ ಇನ್ನೂ ಕುಡ್ಯಾಕತ್ತಾಳ."